ನಾಹಿದಳ ಅಕ್ಷರ ಆರ್ಕುಟ್ ಏರಿದ್ದು

ಮಹಾರಾಷ್ಟ್ರದ ಗಡಿ ತಾಲೂಕಾದ ಜತ್ತದ ಎಸ್.ಟಿ. ಬಸ್ ಸ್ಟ್ಯಾಂಡಿಗೆ ಎದುರಾಗಿ, ಗೊಬ್ಬರ-ಬೀಜದ ಅಂಗಡಿಯೊಂದರ ಮೇಲಂತಸ್ತಿನಲ್ಲಿ ಒಂದು ಸೈಬರ್ ಕೆಫೆ ಇತ್ತು. ಎರಡೂ ಸೋಮನಿಂಗಪ್ಪನವರ ಮನೆತನದವು. ಕೆಳಗಿನ ಅಂಗಡಿಯನ್ನು ಮಗ ರವಿಕುಮಾರ ನೋಡಿಕೊಳ್ಳುತ್ತಿದ್ದ. ಮೇಲೆ ಮಗಳು ಉಮಾಶ್ರೀ ಕೂಡುತ್ತಿದ್ದಳು. ಬಿ.ಕಾಂ. ಮುಗಿಸಿ ಮನೆಯಲ್ಲಿದ್ದವಳನ್ನು, ವರ ಗೊತ್ತಾಗುವವರೆಗೆ ಕೈಗೊಂದು ಕೆಲಸವಾದೀತು ಎಂದು ತಂದೆಯೇ ಅಲ್ಲಿ ಕೂರಿಸಿದ್ದರು. ವರಗಳು ಬರುತ್ತಿದ್ದರು, ಅವಲಕ್ಕಿ ತಿನ್ನುತ್ತಿದ್ದರು, ಹೋಗುತ್ತಿದ್ದರು. ಅಷ್ಟರಲ್ಲಿ ಉಮಾಶ್ರೀಗೆ ಆ ಕುರ್ಚಿಯೇ ಹಿಡಿಸಿಬಿಟ್ಟಿತ್ತು.

ಎರಡು ಸಾವಿರದ ಆರನೆಯ ಇಸವಿ ಅದು. ದಿನದ ಅರ್ಧ ಭಾಗ ಕರೆಂಟು ಇರುತ್ತಿರಲಿಲ್ಲ. ಇನ್ವರ್ಟರ್ ಕೈಕೊಡುವವರೆಗೆ ಕಾಲೇಜಿನ ಹುಡುಗರು ಗಣಕಯಂತ್ರಗಳ ಮುಂದೆ ಸಾಲಾಗಿ ಕೂತಿರುತ್ತಿದ್ದರು. ಎಲ್ಲರ ಪರದೆಯ ಮೇಲೂ ಅದೇ ತಿಳಿನೀಲಿ ಪುಟ, ಆ ಕಾಲದ ಸ್ನೇಹತಾಣ ಆರ್ಕುಟ್. ಗೊತ್ತಿಲ್ಲದ ಊರಿನ ಗೊತ್ತಿಲ್ಲದ ಹುಡುಗಿಯರಿಗೆ ‘ನನ್ನ ಜೊತೆ ಸ್ನೇಹ ಮಾಡುತ್ತೀರಾ’ ಎಂದು ಬರೆಯುವುದು, ಉತ್ತರ ಬಂತೇ ಎಂದು ಕಾಯುವುದು. ಉಮಾಶ್ರೀಯ ಲೆಕ್ಕದಲ್ಲಿ ಆರ್ಕುಟ್ ಎಂದರೆ ಕೆಲಸವಿಲ್ಲದವರ ಕಟ್ಟೆ. ಅದರಿಂದ ಒಬ್ಬರಿಗಾದರೂ ಒಂದು ಕೆಲಸ ಸಿಕ್ಕೀತು ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದಳು.

ಒಂದು ಮಧ್ಯಾಹ್ನ ನಾಹಿದ ಮೆಟ್ಟಿಲು ಹತ್ತಿ ಬಂದಳು. ಕಂಕುಳಲ್ಲಿ ಸುತ್ತಿದ ಡ್ರಾಯಿಂಗ್ ಹಾಳೆಗಳ ಕಟ್ಟು, ಬೆರಳ ಸಂದಿಯಲ್ಲಿ ಒಣಗಿದ ನೀಲಿ ಬಣ್ಣ.

“ಅಕ್ಕಾರ, ಇವನ್ನ ಕಂಪ್ಯೂಟರದಾಗ ಹಾಕಾಕ ಬರ್ತೈತೇನ್ರಿ?”

ಉಮಾಶ್ರೀಗೆ ಆಕೆಯ ಪರಿಚಯ ಇರಲಿಲ್ಲ. ಆಕೆಯ ತಂದೆಯನ್ನು ಮಾತ್ರ ಊರಲ್ಲಿ ಅರಿಯದವರಿಲ್ಲ. ಪೇಂಟರ್ ನೂರಮಹಮ್ಮದ. ಜತ್ತದ ಕಿರಾಣಿ ಅಂಗಡಿಗಳು, ಯಳವಿಯ ಹಿಟ್ಟಿನ ಗಿರಣಿ, ವಳಸಂಗದ ಸಾಲೆಯ ಗೋಡೆ, ಲಾರಿಗಳ ಹಿಂಬದಿ, ಎಲ್ಲೆಲ್ಲೂ ಆತನ ಕುಂಚ ಆಡಿತ್ತು. ಒಂದೇ ಬೋರ್ಡಿನ ಮೇಲೆ ಮರಾಠಿ, ಕನ್ನಡ ಎರಡನ್ನೂ ಬರೆಯುವುದು ಈ ತಾಲೂಕಿನ ಪೇಂಟರುಗಳಿಗೆ ಹುಟ್ಟಿನಿಂದ ಬಂದ ಹೊರೆ. ಆ ಹೊರೆಯನ್ನು ನೂರಮಹಮ್ಮದ ಚೆಲುವಾಗಿ ಹೊತ್ತವನು. ಆದರೆ ಊರಿಗೆ ಫ್ಲೆಕ್ಸ್ ಮುದ್ರಿಸುವ ಯಂತ್ರ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು, ಜೊತೆಗೆ ಮಾಲೀಕನ ಬಣ್ಣದ ಫೋಟೋ. ಕುಂಚದ ಡಬ್ಬಿ ಅಟ್ಟ ಸೇರಿತು. ನೂರಮಹಮ್ಮದ ತಮ್ಮನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಿ ಕೊಡತೊಡಗಿದ.

ನಾಹಿದ ಚಿಕ್ಕಂದಿನಿಂದ ತಂದೆಯ ಹಿಂದೆ ಬಣ್ಣ ಕಲಸುತ್ತ ತಿರುಗಿದವಳು. ಹನ್ನೆರಡನೆಯ ಇಯತ್ತೆ ಮುಗಿಸಿದ ಮೇಲೂ ಅದೇ ಹುಚ್ಚು. ಉಮಾಶ್ರೀ ಹಾಳೆಗಳನ್ನು ಬಿಡಿಸಿದಳು. ಮೊದಲನೆಯದರಲ್ಲಿ ‘ಜತ್ತ’ ಎಂಬ ಒಂದೇ ಹೆಸರು, ಕನ್ನಡದಲ್ಲೂ ಮರಾಠಿಯಲ್ಲೂ. ಮರಾಠಿಯ ಮೇಲುಗೆರೆ ನೇರವಾಗಿ ಬಂದು, ಎಲ್ಲೂ ಮುರಿಯದೆ, ಕನ್ನಡದ ತಲಕಟ್ಟಾಗಿ ಬಾಗಿತ್ತು. ಎರಡು ಲಿಪಿ ಎನ್ನುವುದು ಕಣ್ಣಿಗೆ ತಿಳಿಯುವ ಮೊದಲು ಎರಡೂ ಒಂದೇ ತಾಯಿಯ ಮಕ್ಕಳು ಎನ್ನುವುದು ತಿಳಿಯುತ್ತಿತ್ತು. ಉಮಾಶ್ರೀ ಬಹಳ ಹೊತ್ತು ನೋಡಿದಳು. ತನ್ನ ಊರಿನ ಹೆಸರು ಇಷ್ಟು ಚೆಂದ ಇದೆ ಎಂದು ಆಕೆಗೆ ಅಂದಿನವರೆಗೆ ಅನಿಸಿರಲಿಲ್ಲ.

“ಇವನ್ನ ಸ್ಕ್ಯಾನ್ ಮಾಡಿ ಏನ್ ಮಾಡ್ತಿ?” ಎಂದು ಕೇಳಿದಳು.

“ಆರ್ಕುಟದಾಗ ಹಾಕ್ತೀನ್ರಿ. ಅಲ್ಲಿ ದೇಶದ ಮಂದಿ ಎಲ್ಲಾ ಇರ್ತಾರಂತ. ಇಲ್ಲಿ ನಮ್ಮ ಅಕ್ಷರ ಕೇಳವ್ರು ಇಲ್ಲ. ಅಲ್ಲಿ ಒಬ್ಬರರ ಇರಬಹುದು.”

“ಅಲ್ಲಿರೂ ಮಂದಿ ಎಂಥವ್ರಂತ ನಿನಗ ಗೊತ್ತಿಲ್ಲ.”

“ಬಜಾರದಾಗ ಎಂಥೆಂಥವ್ರು ಇರ್ತಾರ್ರಿ ಅಕ್ಕಾರ? ಅದಕ್ಕಂತ ನಾವು ಬಜಾರಕ್ಕ ಹೋಗೂದು ಬಿಟ್ಟೇವೇನು?”

ಉಮಾಶ್ರೀಗೆ ಹುಡುಗಿಯ ಮಾತು ಹಿಡಿಸಿತು. ತಾನೇ ಕೂತು ಖಾತೆ ತೆರೆದುಕೊಟ್ಟಳು. ಮುಖದ ಫೋಟೋ ಹಾಕುವ ಜಾಗದಲ್ಲಿ ನಾಹಿದ ತನ್ನ ಹೆಸರನ್ನು ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಬರೆದ ಹಾಳೆಯನ್ನು ಹಾಕಿಸಿದಳು. ತನ್ನ ಬಗ್ಗೆ ಹೇಳಿಕೊಳ್ಳುವ ಜಾಗದಲ್ಲಿ ‘ಬೋರ್ಡು, ಲಗ್ನಪತ್ರಿಕೆ, ಹೆಸರುಗಳನ್ನು ಕೈಯಿಂದ ಬರೆದುಕೊಡುತ್ತೇನೆ. ಊರು ಜತ್ತ’ ಎಂದಷ್ಟೇ. ಆಗ ಆ ತಾಣದಲ್ಲಿ ಒಬ್ಬರು ಹನ್ನೆರಡೇ ಚಿತ್ರ ಇಡಬಹುದಿತ್ತು. ಆ ಹನ್ನೆರಡನ್ನು ಆರಿಸಲು ನಾಹಿದ ಒಂದು ವಾರ ತೆಗೆದುಕೊಂಡಳು. ಮನೆಯ ಗೋಡೆಗೆ ಎಲ್ಲವನ್ನೂ ಅಂಟಿಸಿ, ದೂರ ನಿಂತು ನೋಡಿ, ತಂದೆಗೂ ತೋರಿಸಿ, ಒಂದೊಂದಾಗಿ ತೆಗೆದುಹಾಕಿದಳಂತೆ.

ಮೊದಮೊದಲು ಬಂದದ್ದೆಲ್ಲ ಉಮಾಶ್ರೀ ಹೆದರಿದ್ದಂಥದೇ. ‘ಸ್ನೇಹ ಮಾಡುತ್ತೀರಾ’, ‘ಫೋಟೋ ಹಾಕಿ’, ‘ನಿಮ್ಮ ಅಕ್ಷರವೇ ಇಷ್ಟು ಚೆಂದ ಅಂದಮೇಲೆ ನೀವು ಹೇಗಿರಬೇಡ’. ನಾಹಿದ ಗೋಧಿಯಲ್ಲಿನ ಹರಳು ಆರಿಸುವವರಂತೆ ಒಂದೊಂದನ್ನೇ ಅಳಿಸುತ್ತ ಹೋಗುತ್ತಿದ್ದಳು. ಮುಖ ಕೆಂಪಾಗಲಿಲ್ಲ, ಬೈಯಲಿಲ್ಲ. ಕೆಫೆಗೆ ಬರುವುದನ್ನೂ ಬಿಡಲಿಲ್ಲ.

ಆರ್ಕುಟ್‌ನಲ್ಲಿ ಒಂದೇ ಆಸಕ್ತಿಯವರು ಸೇರಿ ಕಟ್ಟಿಕೊಂಡ ಗುಂಪುಗಳಿರುತ್ತಿದ್ದವು. ಅಂಥದೊಂದು ‘ಗಡಿನಾಡ ಬಳಗ’. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಕಡೆಯಿಂದ ಹೋಗಿ ಪುಣೆ-ಮುಂಬಯಿ ಸೇರಿದ ಕನ್ನಡ ಮಂದಿಯದು. ಅದನ್ನು ನಡೆಸುತ್ತಿದ್ದವರು ಮುಂಬಯಿಯಲ್ಲಿದ್ದ ನಿವೃತ್ತ ಪೋಸ್ಟ್‌ಮಾಸ್ತರ ಮುರಗೆಪ್ಪ. ನಾಹಿದ ಅದನ್ನು ಸೇರಿಕೊಂಡಳು. ಸೇರಿ, ಸುಮ್ಮನೆ ಓದುತ್ತ ಕೂತಳು. ಒಂದು ದಿನ ಪುಣೆಯ ಒಬ್ಬ ಹೆಣ್ಣುಮಗಳು ಅಲ್ಲಿ ಕೇಳಿದ್ದಳು: ಮನೆಯಲ್ಲಿ ಕನ್ನಡ ಮಾತಾಡುತ್ತೇವೆ, ಆದರೆ ನನಗೆ ಬರೆಯಲು ಬಾರದು; ಮಗಳಿಗೆ ಸೃಷ್ಟಿ ಎಂದು ಹೆಸರಿಟ್ಟಿದ್ದೇವೆ, ಕನ್ನಡದಲ್ಲಿ ಹೇಗೆ ಬರೆಯಬೇಕು?

ಹಲವರು ಟೈಪು ಮಾಡಿ ಉತ್ತರಿಸಿದ್ದರು. ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಬರಿಯ ಚೌಕಗಳಾಗಿ ಕಾಣುತ್ತಿತ್ತು. ನಾಹಿದ ಮನೆಗೆ ಹೋಗಿ ಮರುದಿನ ಒಂದು ಹಾಳೆ ತಂದಳು. ‘ಸೃಷ್ಟಿ’ ಎಂದು ದೊಡ್ಡದಾಗಿ ಬರೆದು, ಕೆಳಗೆ ಯಾವ ಗೆರೆ ಮೊದಲು, ಯಾವುದು ನಂತರ ಎಂದು ಸಣ್ಣ ಬಾಣಗಳನ್ನು ಹಾಕಿದ್ದಳು, ತಾಯಿಯೂ ಕಲಿಯಲಿ ಎಂದು. ಉಮಾಶ್ರೀ ಅದನ್ನು ಸ್ಕ್ಯಾನ್ ಮಾಡಿ ಏರಿಸಿದಳು.

ಆ ತಾಯಿ ಅದನ್ನು ಮುದ್ರಿಸಿ ತೊಟ್ಟಿಲ ಮೇಲೆ ಅಂಟಿಸಿದ ಫೋಟೋ ಹಾಕಿದಳು. ಅಲ್ಲಿಂದ ಸುರುವಾಯಿತು. ನನ್ನ ಮಗನ ಹೆಸರು, ನಮ್ಮ ಅಜ್ಜಿಯ ಹೆಸರು, ನಮ್ಮ ಹೊಸ ಮನೆಯ ಹೆಸರು. ನಾಹಿದ ಎಲ್ಲರಿಗೂ ಬರೆದುಕೊಟ್ಟಳು.

ಉಮಾಶ್ರೀಗೆ ತಡೆಯಲಾಗಲಿಲ್ಲ. “ಕೆಲಸ ಬೇಕಂತ ಬಂದಾಕಿ ನೀ. ಎಲ್ಲಾರಿಗೂ ಪುಕ್ಕಟ ಬರಕೊಟ್ರ ಕೆಲಸ ಯಾರ್ ಕೊಡ್ತಾರ?”

“ನಮ್ಮ ಅಬ್ಬಾ ಹೊಸ ಹಳ್ಳಿಗಿ ಹೋದ್ರ ಮೊದಲ ಸಾಲಿ ಗೋಡಿಮ್ಯಾಲ ಬರೀತಿದ್ರಿ ಅಕ್ಕಾ. ಕೇಳದನ ಬರೀತಿದ್ರು. ಮಂದಿ ನೀರಿಗಿ ಹೋಗಾಗ ಬರಾಗ ನೋಡ್ತಿದ್ರು. ನಾಕ್ ದಿನಕ್ಕ ಅವ್ರ ಕರೀತಿದ್ರು, ನಮ್ಮ ಅಂಗಡಿಗೂ ಬರಿಯಪಾ ಅಂತ. ಅಬ್ಬಾ ಯಾರ ಬಾಗಲಾ ಬಡದಿಲ್ಲ.”

ಅಕ್ಕಾರ ಎನ್ನುವುದು ಅಷ್ಟರಲ್ಲಿ ಅಕ್ಕಾ ಆಗಿತ್ತು.

ಒಂದು ದಿನ ಉಮಾಶ್ರೀ ಸಿ.ಡಿ.ಯೊಂದನ್ನು ಕೊಡಲು ನಾಹಿದಳ ಮನೆಗೆ ಹೋದಾಗ ಪಡಸಾಲೆಯಲ್ಲಿ ಮಿರಜದಿಂದ ಬಂದ ಸೋದರಮಾವ ಕೂತಿದ್ದ. ಯಾರೋ ಹೇಳಿದ್ದನ್ನು ಕೇಳಿ, ಸಿಟ್ಟು ಹೊತ್ತುಕೊಂಡೇ ಬಂದಿದ್ದ.

“ಹುಡಿಗಿ ಹೆಸರು ಇಂಟರ್‌ನೆಟ್ಟಿನ್ಯಾಗ ಗಂಡಸ್ರ ನಡುವ ಅಡ್ಡಾಡ್ತೈತಂತ. ನಾಳಿ ಲಗ್ನಕ್ಕ ಯಾರ್ ಕೇಳ್ತಾರ ಭಾಯೀಸಾಬ?” ಎನ್ನುತ್ತಿದ್ದ. ಉಮಾಶ್ರೀ ಬಂದದ್ದು ಕಂಡು ಮಾತನ್ನು ದಖನಿ ಉರ್ದುವಿಗೆ ತಿರುಗಿಸಿದ. ಅದು ಉಮಾಶ್ರೀಗೂ ತಿಳಿಯುತ್ತಿತ್ತು.

ನೂರಮಹಮ್ಮದ ಮಾತು ಕಡಿಮೆಯ ಮನುಷ್ಯ. ಚಹಾದ ಬಸಿ ಕೆಳಗಿಟ್ಟು, ಕನ್ನಡದಲ್ಲೇ ಹೇಳಿದ: “ಆಕಿ ಹೆಸರಷ್ಟ ಅಲ್ಲಿಲ್ಲೋ ತಮ್ಮಾ, ಆಕಿ ಕೆಲಸ ಐತಿ. ಕೆಲಸ ನೋಡಿ ಬರೇ ಹೆಸರ ಕಂಡ್ರ ಅದು ನೋಡಿದವನ ಕಣ್ಣಿನ ರೋಗ. ನೀ ಮೊದಲ ಆಕಿ ಏನ್ ಬರದಾಳ ನೋಡು, ಆಮ್ಯಾಲ ಮಾತಾಡು.” ಮಗಳನ್ನು ಕರೆದು ಹಾಳೆಗಳನ್ನು ತರಿಸಿದ. ಮಾವ ಒಲ್ಲದ ಮನಸ್ಸಿನಿಂದ ಒಂದೆರಡು ತಿರುವಿದ. ಉರ್ದುವಿನ ಹಾಳೆ ಬಂದಾಗ ಕೈ ತಡೆಯಿತು. ಆಮೇಲೆ ಆತ ಜಗಳವಾಡಲಿಲ್ಲ. ಒಪ್ಪಿದೆ ಎಂದೂ ಅನ್ನಲಿಲ್ಲ. ಉಂಡು, ಸಂಜೆಯ ಬಸ್ಸಿಗೆ ಹೋದ.

ಎಲ್ಲ ಸರಿಯಾಗಿ ನಡೆದಿತ್ತು. ಕೆಡಿಸಿದವನು ರವಿಕುಮಾರ, ಅದೂ ಒಳ್ಳೆಯ ಮನಸ್ಸಿನಿಂದ.

ಗೊಬ್ಬರ ಮಾರುವವನಿಗೆ ತಿಳಿದ ಪ್ರಚಾರ ಒಂದೇ. ಸಂತೆಯ ದಿನ ಜೀಪಿಗೆ ಲೌಡ್‌ಸ್ಪೀಕರಿನ ಭೋಂಗಾ ಕಟ್ಟಿ ಕೂಗುವುದು, ಸಿಕ್ಕವರ ಕೈಗೆಲ್ಲ ಚೀಟಿ ತುರುಕುವುದು. ಹುಡುಗಿ ದಿನಾ ಬಂದು ಪುಕ್ಕಟೆ ಹೆಸರು ಬರೆದುಕೊಡುವುದನ್ನು ನೋಡಿ ಅವನ ಜೀವ ಚುರುಗುಟ್ಟುತ್ತಿತ್ತು. ಒಂದು ಸಂಜೆ ನಾಹಿದ ಖಾತೆ ಮುಚ್ಚುವ ಮೊದಲೇ ಕರೆಂಟು ಹೋಯಿತು. ಆಕೆ ಮನೆಗೆ ಹೋದಳು. ಕರೆಂಟು ಬಂದಾಗ ರವಿಕುಮಾರ ಅದೇ ಯಂತ್ರದ ಮುಂದೆ ಕೂತ; ಆರ್ಕುಟ್ ತೆರೆದರೆ ಆಕೆಯ ಖಾತೆಯೇ ಬಂತು. ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ ‘ಉತ್ತಮ ಬೋರ್ಡುಗಳು, ಅಗ್ಗದ ದರ, ಕೂಡಲೇ ಸಂಪರ್ಕಿಸಿ’ ಎಂದು ಬರೆದು, ಕಂಡ ಕಂಡ ಗುಂಪುಗಳಲ್ಲೆಲ್ಲ ಅಂಟಿಸಿದ. ಅಡುಗೆಯ ಗುಂಪು, ಕ್ರಿಕೆಟ್ಟಿನ ಗುಂಪು, ತೀರಿಹೋದವರ ನೆನಪಿಗೆ ಮಾಡಿದ ಗುಂಪು, ಒಂದನ್ನೂ ಬಿಡಲಿಲ್ಲ. ಹೆಸರು ಬರೆಸಿಕೊಂಡವರೆಲ್ಲರ ಪುಟದಲ್ಲೂ ಅದನ್ನೇ ಹಾಕಿದ.

ಮರುದಿನ ನಾಹಿದ ಬಂದು ಪುಟ ತೆರೆದಾಗ ಉಮಾಶ್ರೀ ಆಕೆಯ ಹಿಂದೆಯೇ ನಿಂತಿದ್ದಳು. ಬೈಗುಳದ ಮಳೆ ಸುರಿದಿತ್ತು. ‘ಸಾವಿನ ಮನೆಯಲ್ಲೂ ವ್ಯಾಪಾರವೇ?’ ‘ಹೆಸರು ಬರೆದುಕೊಟ್ಟದ್ದು ಇದಕ್ಕೇನಾ?’ ಅನೇಕ ಗುಂಪುಗಳಿಂದ ಹೊರಹಾಕಿದ್ದರು. ಗಡಿನಾಡ ಬಳಗದಲ್ಲಿ ಮುರಗೆಪ್ಪನವರು ಒಂದೇ ಸಾಲು ಬರೆದು ಬಾಗಿಲು ಮುಚ್ಚಿದ್ದರು: ‘ಜಾಹೀರಾತಿಗೆ ಇಲ್ಲಿ ಜಾಗವಿಲ್ಲ.’

ಉಮಾಶ್ರೀ ಕೆಳಗಿಳಿದು ಹೋಗಿ ಅಣ್ಣನನ್ನು ಕೇಳಿದಳು. ಅವನು ಎದೆಯುಬ್ಬಿಸಿ ಹೇಳಿದ: “ನಾನ ಹಾಕೀನಿ. ಇನ್ನ ನೋಡು, ಫೋನಿಗೆ ಫೋನು ಬರ್ತಾವು.” ಸಂಗತಿ ತಿಳಿದಾಗ ಅವನ ಮುಖ ಇಷ್ಟಾಯಿತು. ಅಂಗಡಿ ಬಿಟ್ಟು ಮೇಲೆ ಬಂದು ಬಾಗಿಲಲ್ಲೇ ನಿಂತ. “ತಂಗಿ, ತಪ್ಪಾತು,” ಎಂದ.

“ನಾ ಬರೀತೀನಿ ಎಲ್ಲಾರಿಗೂ,” ಎಂದಳು ಉಮಾಶ್ರೀ. “ಇದು ನಮ್ಮಣ್ಣ ಮಾಡಿದ್ದು, ನಿಂದೇನೂ ತಪ್ಪಿಲ್ಲಂತ.”

ನಾಹಿದ ಒಂದೊಂದು ಬೈಗುಳವನ್ನೂ ಕೊನೆಯವರೆಗೆ ಓದಿದಳು. ಕಣ್ಣು ತುಂಬಿದ್ದು ಉಮಾಶ್ರೀಗೆ ಕಂಡಿತು. ಆಮೇಲೆ ಹೇಳಿದಳು: “ಬ್ಯಾಡ್ರಿ ಅಕ್ಕಾ. ಅವ್ರಿಗಿ ರವಿಅಣ್ಣ ಗೊತ್ತಿಲ್ಲ, ನಾ ಗೊತ್ತು. ನನ್ನ ಹೆಸರಲೆ ಹೋಗೇತಿ, ನಾನ ತಿದ್ದಬೇಕು.”

ಅಂದಿನಿಂದ ಆಕೆ ಮಾಡಿದ್ದನ್ನು ನೆನೆದರೆ ಉಮಾಶ್ರೀಗೆ ಇಂದಿಗೂ ಬೆರಗು. ಒಂದು ಕ್ಷಮೆಯ ಮಾತು ಬರೆದು ಎಲ್ಲೆಡೆ ಅಂಟಿಸಿದ್ದರೆ ಅರ್ಧ ತಾಸಿನ ಕೆಲಸ. ನಾಹಿದ ಹಾಗೆ ಮಾಡಲಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಬರೆದಳು. ಅವರು ಹಿಂದೆ ಏನು ಕೇಳಿದ್ದರು, ಯಾವ ಹೆಸರು ಬರೆಸಿಕೊಂಡಿದ್ದರು ಎಂದು ತೆಗೆದು ನೋಡಿ, ಅದನ್ನು ನೆನಪಿಸಿ, ‘ನಿಮ್ಮ ಪುಟಕ್ಕೆ ಕೇಳದೆ ಬಂದದ್ದು ನನ್ನ ಹೆಸರಿನ ತಪ್ಪು’ ಎಂದು ಬರೆದಳು. ತೀರಿಹೋದ ಮಗನ ನೆನಪಿಗೆ ಗುಂಪು ಮಾಡಿದ್ದ ಕೊಲ್ಹಾಪುರದ ತಂದೆಗೆ ಬರೆಯಲು ಒಂದಿಡೀ ಮಧ್ಯಾಹ್ನ ಹಿಡಿಯಿತು. ಬರೆದು, ಅಳಿಸಿ, ಮತ್ತೆ ಬರೆದು, ಕೊನೆಗೆ ಎರಡೇ ಸಾಲು ಉಳಿಸಿದಳು. ಕೊಳಕು ಮಾತು ಆಡಿದವನಿಗೂ ಉತ್ತರ ಹೋಯಿತು. ಅವನ ಕೊಳಕನ್ನು ಮಾತ್ರ ಆಕೆ ಎತ್ತಲಿಲ್ಲ. ಕರೆಂಟು ಹೋದರೆ ಕಿಟಕಿಯ ಬಳಿ ಕೂತು ಮುಂದಿನದನ್ನು ಮನಸ್ಸಿನಲ್ಲೇ ಹೊಂದಿಸುವಳು. ಎಷ್ಟೋ ಜನ ಉತ್ತರಿಸಲೇ ಇಲ್ಲ. ಕೆಲವರು ‘ಇರಲಿ ಬಿಡಿ’ ಎಂದರು. ಕೊಲ್ಹಾಪುರದ ಆ ತಂದೆ, ಮಗನ ಹೆಸರನ್ನು ಬರೆದುಕೊಡಬಲ್ಲೆಯಾ ಎಂದು ಕೇಳಿದ. ಅಂದು ನಾಹಿದ ಬೇರೆ ಏನೂ ಬರೆಯಲಿಲ್ಲ.

ಮುರಗೆಪ್ಪನವರಿಂದ ಪತ್ರ ಬಂದದ್ದು ಬಹಳ ತಡವಾಗಿ. ‘ಕ್ಷಮೆ ಕೇಳಿದವರನ್ನು ಸಾಕಷ್ಟು ಕಂಡಿದ್ದೇನೆ. ಸಿಕ್ಕಿಬಿದ್ದದ್ದಕ್ಕೆ ಕೇಳುತ್ತಾರೆ. ನಿಮ್ಮನ್ನು ಬೈದವರಿಗೂ ನೀವು ಒಬ್ಬೊಬ್ಬರಿಗೆ ಬರೆದಿದ್ದೀರಿ ಎಂದು ಬಳಗದವರು ತೋರಿಸಿದರು. ಸೃಷ್ಟಿಯ ತಾಯಿಯಂತೂ ನಿಮ್ಮನ್ನು ತೆಗೆದದ್ದಕ್ಕೆ ನನ್ನೊಂದಿಗೆ ಜಗಳಕ್ಕೇ ನಿಂತಿದ್ದಾರೆ. ಬನ್ನಿ.’ ಅಷ್ಟೇ ಅಲ್ಲ, ಬಳಗದಲ್ಲಿ ಹೆಸರು ಬರೆಸಿಕೊಳ್ಳುವುದಕ್ಕೆಂದೇ ಒಂದು ಬೇರೆ ಜಾಗ ಮಾಡಿ, ಮೊದಲ ಸಾಲನ್ನು ತಾವೇ ಬರೆದರು: ಈಕೆ ಜತ್ತದವರು, ಕನ್ನಡ-ಮರಾಠಿ ಎರಡನ್ನೂ ಒಂದೇ ಕೈಯಿಂದ ಬರೆಯುತ್ತಾರೆ, ಬೋರ್ಡಿನ ಕೆಲಸವನ್ನೂ ಮಾಡುತ್ತಾರೆ, ಬೇಕಾದವರು ಕೇಳಬಹುದು.

ತಾನು ಹೇಳಿಕೊಂಡರೆ ಜಾಹೀರಾತು. ಇನ್ನೊಬ್ಬರು ಹೇಳಿದರೆ ಸಾಕ್ಷಿ. ಆ ಸಾಲನ್ನು ಓದಿದ ಬಸಗೊಂಡ ಎಂಬವರು ಪುಣೆಯಿಂದ ಬರೆದರು. ಹಡಪಸರದಲ್ಲಿ ಅವರದೊಂದು ಜೋಳದ ರೊಟ್ಟಿಯ ಖಾನಾವಳಿ. ಉಣ್ಣಲು ಬರುವವರು ಅರ್ಧ ವಿಜಾಪುರ ಕಡೆಯವರು, ಅರ್ಧ ಮರಾಠಿ ಮಂದಿ. ‘ತಂಗೀ, ಮೂರು ಸಲ ಬೋರ್ಡ್ ಮಾಡಿಸೀನಿ. ಪ್ರತಿ ಸಲ ಕನ್ನಡ ಅಕ್ಷರ ಹೊರಗ ಚಪ್ಪಲಿ ಕಾಯಾಕ ಕುಂತಂಗ ಕಾಣ್ತಾವು. ನಿನ್ನ ಜತ್ತ ಅನ್ನೂ ಚಿತ್ರ ನೋಡೀನಿ. ನನಗ ಹಂಗ ಬೇಕು. ಫ್ಲೆಕ್ಸ್ ಬ್ಯಾಡ, ಗೋಡಿಮ್ಯಾಲ ಬಣ್ಣದಾಗ ಬರೀಬೇಕು.’

ಪುಣೆಗೆ ನಾಹಿದಳ ಜೊತೆ ತಂದೆ ಹೊರಟ. ಚಿಕ್ಕಮ್ಮ ಅಲ್ಲೇ ಇದ್ದುದರಿಂದ ಉಮಾಶ್ರೀಯೂ ಅದೇ ನೆಪ ಹೂಡಿ ಹೊರಟಳು. ಆ ಬೋರ್ಡು ಏಳುವುದನ್ನು ಕಣ್ಣಾರೆ ನೋಡದೆ ಇರುವುದು ಆಕೆಯಿಂದ ಆಗುತ್ತಿರಲಿಲ್ಲ.

ಖಾನಾವಳಿಯ ಬಾಗಿಲ ಮೇಲಿನ ಉದ್ದನೆಯ ಗೋಡೆಗೆ ಬಿಳಿ ಬಳಿದು ಸಿದ್ಧ ಮಾಡಿದ್ದರು. ಬಿದಿರಿನ ಅಟ್ಟ ಕಟ್ಟಿತ್ತು. ನೂರಮಹಮ್ಮದ ನೂಲಿಗೆ ಬಣ್ಣದ ಪುಡಿ ಹಚ್ಚಿ ಒಂದು ತುದಿ ಹಿಡಿದ, ನಾಹಿದ ಇನ್ನೊಂದು ಹಿಡಿದಳು. ನೂಲನ್ನು ಎಳೆದು ಬಿಟ್ಟಾಗ ಗೋಡೆಯ ಮೇಲೆ ಉದ್ದಕ್ಕೂ ಒಂದು ನೇರ ಗೆರೆ ಮೂಡಿತು. ಆ ಒಂದು ಗೆರೆಗೆ ಎರಡೂ ಭಾಷೆ ತೂಗಬೇಕಿತ್ತು. ಮಗಳು ಅಟ್ಟ ಏರಿದಳು. ತಂದೆ ಕೆಳಗೆ ಕೂತು ಬಣ್ಣ ಕಲಸಿಕೊಟ್ಟ. ಉಮಾಶ್ರೀ ರಸ್ತೆಯಾಚೆ ನಿಂತು ನೋಡುತ್ತಿದ್ದಳು. ‘ಜ್ವಾರೀಚಿ ಭಾಕರಿ’ ಎಂಬ ಮರಾಠಿ ಎಡದಿಂದ ಬಂತು, ‘ಜೋಳದ ರೊಟ್ಟಿ’ ಎಂಬ ಕನ್ನಡ ಬಲದಿಂದ. ನಡುವೆ ಖಾನಾವಳಿಯ ಹೆಸರು. ಮಧ್ಯಾಹ್ನದ ಊಟಕ್ಕೆ ಬಂದವರು ಕೈತೊಳೆದ ಮೇಲೂ ಹೋಗದೆ ನಿಂತರು.

ಒಬ್ಬ ಗಿರಾಕಿ ಮರಾಠಿಯಲ್ಲಿ ಬಸಗೊಂಡರನ್ನು ಕೇಳಿದ, ಈಕೆ ಯಾವ ಊರಿನವಳು? ಜತ್ತ, ಸಾಂಗಲಿ ಜಿಲ್ಲೆ ಎಂದರು. “ಹಾಂಗಾದ್ರ ಮಹಾರಾಷ್ಟ್ರದಾಕಿ,” ಎಂದು ಪಕ್ಕದಲ್ಲಿದ್ದ ಇಂಡಿ ಕಡೆಯ ಗಾರೆಕೆಲಸದ ಗೌಂಡಿಯೊಬ್ಬ ಕನ್ನಡದಲ್ಲಿ ನಕ್ಕ. “ಕನ್ನಡ ಇಷ್ಟ್ ಚಲೋ ಹ್ಯಾಂಗ ಬಂತವ್ವಾ?”

ನಾಹಿದ ಅಟ್ಟದಿಂದಲೇ, ಕುಂಚ ನಿಲ್ಲಿಸದೆ ಹೇಳಿದಳು: “ಮರಾಠಿ ಹ್ಯಾಂಗ ಬಂತೋ ಹಂಗ ಬಂತ್ರಿ ಅಣ್ಣಾ. ಎರಡೂ ಮನ್ಯಾಗನ ಇದ್ದವು.”

ಸಂಜೆಯ ಹೊತ್ತಿಗೆ ‘ರೊಟ್ಟಿ’ಯ ಒತ್ತಕ್ಷರವಷ್ಟೇ ಬಾಕಿ ಇತ್ತು; ನಾಹಿದ ಅದರ ಜಾಗಕ್ಕೆ ಗುರುತು ಹಾಕಿದಳು. ನೂರಮಹಮ್ಮದ ಕೆಳಗಿನಿಂದ ಕತ್ತೆತ್ತಿ, “ಅದು ತುಸು ಬಲಕ್ಕಾತು ಬೇಟಿ. ಎಡಕ್ಕ ತಗೋ,” ಎಂದ.

“ಅಲ್ಲೇ ಇರಲಿ ಅಬ್ಬಾ. ಎಡಕ್ಕ ತಗೊಂಡ್ರ ಆ ಕಡೆ ಭಾಕರಿ ಅನ್ನೂ ಅಕ್ಷರ ಹಗರ ಕಾಣ್ತಾವು.”

ಆತ ಎದ್ದು, ವಾಹನಗಳ ನಡುವೆ ದಾರಿ ಮಾಡಿಕೊಂಡು ರಸ್ತೆ ದಾಟಿ ಉಮಾಶ್ರೀಯ ಪಕ್ಕ ಬಂದು ನಿಂತ. ಕಣ್ಣು ಕಿರಿದು ಮಾಡಿ ನೋಡಿದ. ಆಮೇಲೆ ಉಮಾಶ್ರೀಗೆ ಮಾತ್ರ ಕೇಳುವಂತೆ ಹೇಳಿದ: “ನಾ ಇದ್ರ ಎಡಕ್ಕ ಬರೀತಿದ್ದೆ ಉಮವ್ವ. ಆಕಿ ಹೇಳಿದ್ದ ಖರೆ. ನಾ ಒಂದೊಂದ ಅಕ್ಷರ ನೋಡ್ತೀನಿ, ಆಕಿ ಇಡೀ ಗೋಡಿ ನೋಡ್ತಾಳ.” ಹಾಗೆಂದು ಮತ್ತೆ ರಸ್ತೆ ದಾಟಿ ಹೋಗಿ, ಬಣ್ಣದ ಡಬ್ಬಿ ಎತ್ತಿ ಹಿಡಿದ. ಉಮಾಶ್ರೀ ಎಷ್ಟೋ ತಂದೆಯರನ್ನು ಕಂಡಿದ್ದಳು. ಮಗಳು ತನ್ನನ್ನು ಮೀರಿದಳೆಂದು ಅಷ್ಟು ಹಗುರಾಗಿ ಹೇಳಿದವರನ್ನು ಅವತ್ತೇ ಕಂಡದ್ದು.

ಆ ಗೋಡೆಯ ಫೋಟೋವನ್ನು ಬಸಗೊಂಡರೇ ಬಳಗದಲ್ಲಿ ಹಾಕಿದರು, ಮುಂದೆ ನಿಂತು ಮೀಸೆ ತಿರುವುತ್ತ. ನಾಹಿದ ಒಂದು ಅಕ್ಷರವನ್ನೂ ಸೇರಿಸಲಿಲ್ಲ. ಸೊಲ್ಲಾಪುರದಿಂದ ಕೆಲಸ ಬಂತು, ಮುಂಬಯಿಯಿಂದ ಬಂತು, ಬೆಂಗಳೂರಿನಿಂದ ಲಗ್ನಪತ್ರಿಕೆಗೆ ಹೆಸರು ಬರೆಸಿಕೊಂಡರು. ದೂರದ್ದನ್ನು ಹಾಳೆಯಲ್ಲಿ ಬರೆದು ಕೆಫೆಯಿಂದ ಕಳಿಸುತ್ತಿದ್ದಳು, ಹತ್ತಿರದ್ದಕ್ಕೆ ತಂದೆ-ಮಗಳು ಬಸ್ಸು ಹತ್ತುತ್ತಿದ್ದರು. ನೂರಮಹಮ್ಮದ ಹಾರ್ಡ್‌ವೇರ್ ಅಂಗಡಿಗೆ ಹೋಗುವುದು ವಾರಕ್ಕೆರಡು ದಿನವಾಯಿತು. ಆಮೇಲೆ ನಿಂತಿತು.

ಆ ನಂತರ ನಡೆದದ್ದು ಊರಿಗೇ ನಗೆಯಾಯಿತು. ಒಂದು ಬೆಳಿಗ್ಗೆ ನಾಹಿದಳ ಪುಟಕ್ಕೆ ಮರಾಠಿಯಲ್ಲಿ ಒಂದು ಬರಹ ಬಂದಿತ್ತು: ‘ಮೇಡಂ, ನಿಮ್ಮ ಕೆಲಸ ನೋಡಿದೆ. ನನ್ನದು ಫ್ಲೆಕ್ಸ್ ವ್ಯಾಪಾರ. ಗಿರಾಕಿಗಳು ನಿಮ್ಮಂಥ ಕನ್ನಡ ಅಕ್ಷರ ಕೇಳುತ್ತಾರೆ. ನಮ್ಮದು ಸಣ್ಣ ಊರು. ಇಷ್ಟು ದೂರದ ಕೆಲಸ ಹಿಡಿಯುತ್ತೀರಾ?’ ಕೆಳಗೆ ಹೆಸರು ವಿಠೋಬ, ಊರು ಜತ್ತ.

ಊರಿಗೆ ಫ್ಲೆಕ್ಸ್ ಯಂತ್ರ ತಂದವನೇ ವಿಠೋಬ. ಅವನ ಅಂಗಡಿ ನಾಹಿದಳ ಮನೆಯಿಂದ ಎರಡು ಗಲ್ಲಿ ಆಚೆ. ತನ್ನ ಬಗ್ಗೆ ಬರೆದ ಜಾಗದಲ್ಲಿ ಆಕೆ ಊರಿನ ಹೆಸರು ಹಾಕಿಯೇ ಇದ್ದಳು. ಅವನು ಚಿತ್ರ ನೋಡಿದ್ದ, ಅದನ್ನು ಓದಿರಲಿಲ್ಲ. ಇಂಥ ಕೈ ಪುಣೆ-ಮುಂಬಯಿಯಲ್ಲೇ ಇರಬೇಕು ಎಂದುಕೊಂಡಿದ್ದ. ಹಿತ್ತಲ ಗಿಡ ಮದ್ದಲ್ಲ. ಉಮಾಶ್ರೀ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. “ಬರಿ, ‘ದೂರ ಆಗ್ತೈತಿ, ಹೋಗು ಬರೂ ಖರ್ಚು ಕೊಡಬೇಕು’ ಅಂತ ಬರಿ.”

ನಾಹಿದಳೂ ನಕ್ಕಳು. ಆದರೆ ಉತ್ತರ ಬರೆಯದೆ ನೇರವಾಗಿ ಎದ್ದು, ಉಮಾಶ್ರೀಯನ್ನು ಕರೆದುಕೊಂಡು ಅವನ ಅಂಗಡಿಗೇ ನಡೆದಳು. ವಿಠೋಬ ಯಂತ್ರದ ಬಳಿ ನಿಂತಿದ್ದ.

“ಬರ್ರಿ, ಕುಂದ್ರಿ. ಏನ್ ಮಾಡಿಸೂದಿತ್ರಿ?”

“ಮಾಡಿಸೂದಲ್ರಿ ಕಾಕಾ, ನೀವ ಮಾಡಿಕೊಡು ಅಂತ ಬರದೀರಲ್ಲ. ನಾ ನಾಹಿದ. ಪೇಂಟರ್ ನೂರಮಹಮ್ಮದರ ಮಗಳು.”

ವಿಠೋಬನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಕುರ್ಚಿಯ ಮೇಲಿದ್ದ ಫ್ಲೆಕ್ಸಿನ ತುಂಡುಗಳನ್ನು ತಾನೇ ತೆಗೆದು ಜಾಗ ಮಾಡಿದ. “ನಿಮ್ಮ ಅಬ್ಬಾಜಾನರ ಮಾರಿ ನೋಡಾಕ ನನಗ ನಾಚಿಕಿ ಆಗ್ತಿತ್ತು ತಂಗಿ. ಅವ್ರ ತಮ್ಮನ ಅಂಗಡಿ ಮುಂದ ಹಾಯೂದ ಬಿಟ್ಟಿದ್ದೆ,” ಎಂದ.

“ನೀವು ಮಷೀನ್ ತರದಿದ್ರ ಇನ್ನೊಬ್ರು ತರ್ತಿದ್ರು. ಅದೇನ್ ನಿಮ್ಮ ತಪ್ಪಲ್ಲ,” ಎಂದಳು ನಾಹಿದ. “ಆದ್ರ ಕಾಕಾ, ನಿಮ್ಮ ಕಂಪ್ಯೂಟರದಾಗ ಕನ್ನಡದ ಒತ್ತು ಕೂಡೂದಿಲ್ಲ. ಹ್ವಾದ ತಿಂಗಳ ಬಸಪ್ಪ ಅನ್ನೂದು ಬಸಪಪ ಆಗಿ ಚೌಕದಾಗ ತೂಗಾಡಾಕತ್ತಿತ್ತು. ನಾ ಹೆಸರು ಬರಕೊಡ್ತೀನಿ, ನೀವು ಛಾಪಿಸ್ರಿ. ಮುಂಜಾನಿ ಅಬ್ಬಾ ಬಂದು ಒಮ್ಮೆ ಎಲ್ಲಾ ಓದಿ ನೋಡ್ತಾರ. ಅವ್ರು ಹೂಂ ಅಂದಮ್ಯಾಲ ಛಾಪಿಸೂದು.”

ವಿಠೋಬ ಒಪ್ಪಿದ. ಮರುದಿನ ತಾನೇ ಹೋಗಿ ನೂರಮಹಮ್ಮದನನ್ನು ಕರೆತಂದ. ಆ ವರ್ಷದಿಂದ ಜತ್ತದ ಫ್ಲೆಕ್ಸುಗಳಲ್ಲಿ ಕನ್ನಡ ಕಾಲು ಮುರಿದುಕೊಂಡು ನಿಲ್ಲುವುದು ತಪ್ಪಿತು. ನಾಹಿದಳ ನಿಕಾಹ ಆದದ್ದೂ ಅದರ ಮುಂದಿನ ವರ್ಷವೇ, ಮಿರಜದ ಹುಡುಗನ ಜೊತೆ. ಸಂಬಂಧ ತಂದವನು ಅದೇ ಸೋದರಮಾವ. ಹುಡುಗ ಮೊದಲು ನೋಡಿದ್ದು ಆಕೆಯ ಉರ್ದು ಅಕ್ಷರವನ್ನಂತೆ. ಮಿರಜದಲ್ಲಿ ಆಕೆ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡಳು. ತಂದೆಯ ಜೊತೆ ಬಸ್ಸು ಹತ್ತುವುದು ಮಾತ್ರ ಬಿಡಲಿಲ್ಲ.

ನಾಹಿದ ಹೋದ ಮೇಲೆ ಕೆಫೆ ಉಮಾಶ್ರೀಗೆ ಬರಿದೆನಿಸಿತು. ಇಷ್ಟು ದಿನ ಆಕೆ ಬೇರೊಬ್ಬಳ ಹೆಗಲ ಹಿಂದೆ ನಿಂತು ನೋಡಿದವಳು. ಒಂದು ಮಧ್ಯಾಹ್ನ, ಹುಡುಗರು ಯಾರೂ ಇಲ್ಲದಾಗ, ತನ್ನದೇ ಖಾತೆಯಿಂದ ಸಣ್ಣ ವ್ಯಾಪಾರಸ್ಥರ ಒಂದು ಗುಂಪು ಸೇರಿದಳು. ಸೇರಿ, ನಾಹಿದಳಂತೆ ಮೊದಲು ಸುಮ್ಮನೆ ಓದಿದಳು. ಆಗ ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂದು ಎರಡು-ಮೂರು ವರ್ಷವಾಗಿದ್ದರೂ ಅಂಗಡಿಕಾರರಿಗೆ ಅದು ಕಗ್ಗಂಟಾಗಿಯೇ ಇತ್ತು. ಗೊಬ್ಬರದ ಅಂಗಡಿಯ ಲೆಕ್ಕ ಬರೆದ ಉಮಾಶ್ರೀಗೆ ಅದು ನೀರು ಕುಡಿದಷ್ಟು ಸಲೀಸು. ಇಸ್ಲಾಂಪುರದ ಒಬ್ಬ ಪಾತ್ರೆ ವ್ಯಾಪಾರಿ, ವಾಪಸು ಬಂದ ಮಾಲಿನ ತೆರಿಗೆಯನ್ನು ಹೇಗೆ ತೋರಿಸಬೇಕು ಎಂದು ಕೇಳಿದ್ದ. ಯಾರೂ ಉತ್ತರಿಸಿರಲಿಲ್ಲ.

ಕೆಳಗಿನಿಂದ ರವಿಕುಮಾರ ಕೂಗಿದ: “ಉಮಾ, ಚಹಾ ಆಗೇತಿ, ಬಾ.”

“ನೀ ಕುಡಿ. ನನಗ ಒಬ್ಬರಿಗಿ ಉತ್ತರ ಬರಿಯೂದೈತಿ,” ಎಂದು ಹೇಳಿ ಉಮಾಶ್ರೀ ಕೀಲಿಮಣೆಯನ್ನು ಹತ್ತಿರ ಎಳೆದುಕೊಂಡಳು.